ಸಾವಿನ ಆಚೆ ಏನು? ಗೋಕಾಕ-ಮೂಡಲಗಿ-ಹುಕ್ಕೇರಿ ಸೀಮೆಯ ಪ್ರಶ್ನೆಗಳು



ನವೆಂಬರ್ ತಿಂಗಳು ಮೃತರ ತಿಂಗಳು. ಕರಾವಳಿಯ ನಮಗೆ ಸಿಮೆಟ್ರಿ ಎಂದರೆ ಚರ್ಚಿನ ಪಕ್ಕದ ಜಾಗ. ಬಲಿಪೂಜೆ ಮುಗಿಸಿ ನಾಲ್ಕು ಹೆಜ್ಜೆ ನಡೆದರೆ ಅಜ್ಜ, ಅಜ್ಜಿಯರ ಸಮಾಧಿ ಸಿಗುತ್ತದೆ. ಘಟ್ಟದ ಮೇಲೆ, ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕ್ರೈಸ್ತರ ಪರಿಸ್ಥಿತಿ ಬೇರೆ. ಅವರು ಸಂಖ್ಯೆಯಲ್ಲಿ ಕಡಿಮೆ, ಸುತ್ತಲಿನವರ ನಂಬಿಕೆಗಳು ಹಲವು. ಆ ಸೀಮೆ ನಮಗೆ ಪರಕೀಯವೇನಲ್ಲ. 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯದಿಂದಲೇ 1976ರಲ್ಲಿ ಕಾರವಾರ ಧರ್ಮಪ್ರಾಂತ್ಯ ಬೇರ್ಪಟ್ಟಿತು.

ಅರಭಾವಿ, ನಿಡಸೋಸಿಗಳಂತಹ ಮಠಗಳಿರುವ ಆ ನಾಡಿನಲ್ಲಿ ಲಿಂಗಾಯತರು ಮೃತದೇಹವನ್ನು ಸುಡುವುದಿಲ್ಲ. ಕುಳಿತ ಭಂಗಿಯಲ್ಲಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಸತ್ತವರನ್ನು ಲಿಂಗೈಕ್ಯರಾದರು ಎನ್ನುತ್ತಾರೆ. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ; ಮುಸಲ್ಮಾನರು ದೇಹವನ್ನು ಮಕ್ಕಾದ ದಿಕ್ಕಿಗೆ ಮುಖ ಮಾಡಿ ಮಲಗಿಸಿ ಅಂತಿಮ ದಿನವನ್ನು ಎದುರುನೋಡುತ್ತಾರೆ. ಜೈನರಲ್ಲಿ ಸಲ್ಲೇಖನ ವ್ರತವಿದೆ. ಅದೇ ಜಿಲ್ಲೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಹಾಗೆಯೇ ದೇಹ ಬಿಟ್ಟರು. ಉಳಿದ ಅನೇಕ ಮನೆತನಗಳಲ್ಲಿ ಚಿತೆ, ಬೂದಿ, ನದಿ. ಇಷ್ಟೆಲ್ಲದರ ನಡುವೆ ಬೆಳೆಯುವ ಕ್ರೈಸ್ತ ಮಗು "ನಮ್ಮಲ್ಲಿ ಹೇಗೆ?" ಎಂದು ಕೇಳಿದರೆ ತಂದೆತಾಯಿ ಏನು ಹೇಳಬೇಕು?

ಮೊದಲನೆಯದಾಗಿ, ನಮ್ಮ ನಂಬಿಕೆಯಲ್ಲಿ ಪುನರ್ಜನ್ಮವಿಲ್ಲ. ಮನುಷ್ಯ ಸಾಯುವುದು ಒಂದೇ ಸಲ, ಆನಂತರ ತೀರ್ಪು ಎಂದು ಹಿಬ್ರಿಯರಿಗೆ ಬರೆದ ಪತ್ರದ ಒಂಬತ್ತನೇ ಅಧ್ಯಾಯ ಹೇಳುತ್ತದೆ. ಆದ್ದರಿಂದಲೇ ಈ ಒಂದು ಬದುಕಿಗೆ ಇಷ್ಟು ಬೆಲೆ. ದೇವರನ್ನು ಅರಿತು, ಪ್ರೀತಿಸಿ, ಸೇವಿಸಿ, ಕೊನೆಗೆ ಅವರೊಡನೆ ಇರಲಿಕ್ಕಾಗಿ ಹುಟ್ಟಿದ್ದೇವೆ ಎಂದು ನಮ್ಮ ಹಿರಿಯರು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದರು. ಆ ತೀರ್ಪಿನ ಅಳತೆಗೋಲು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿದೆ: ಹಸಿದವನಿಗೆ ಅನ್ನ ಕೊಟ್ಟೆಯಾ, ಬಂದಿಯನ್ನು ನೋಡಲು ಹೋದೆಯಾ ಎಂಬುದು. ಎಷ್ಟು ಹಬ್ಬ ಮಾಡಿಸಿದೆ ಎಂಬ ಪ್ರಶ್ನೆ ಅಲ್ಲಿಲ್ಲ.

ಸ್ವರ್ಗ, ನರಕ, ಉತ್ತರಿಸುವ ಸ್ಥಳ ಎಂದ ಕೂಡಲೇ ನಮ್ಮ ಕಣ್ಣಿಗೆ ಚಿತ್ರಪಟಗಳೇ ಬರುತ್ತವೆ. ಜಗದ್ಗುರು ಎರಡನೇ ಜಾನ್ ಪೌಲರು 1999ರ ಜುಲೈ ಮತ್ತು ಆಗಸ್ಟ್ ತಿಂಗಳ ಬುಧವಾರದ ಭೇಟಿಗಳಲ್ಲಿ ಈ ಮೂರನ್ನೂ ಒಂದೊಂದಾಗಿ ವಿವರಿಸಿದರು. ಭೂಪಟದಲ್ಲಿ ಹುಡುಕುವ ಜಾಗಗಳಿಗಿಂತ ದೇವರೊಂದಿಗಿನ ಸಂಬಂಧದ ಸ್ಥಿತಿಗಳೆಂದು ಇವನ್ನು ತಿಳಿಯಬೇಕು ಎಂಬುದು ಅವರ ಮಾತಿನ ಸಾರ. ಉತ್ತರಿಸುವ ಸ್ಥಳ ಎರಡನೇ ನರಕವಲ್ಲ. ಅಲ್ಲಿರುವವರು ರಕ್ಷಣೆ ಹೊಂದಿದವರೇ; ತೊಳೆದು ಶುದ್ಧರಾಗುವುದು ಮಾತ್ರ ಬಾಕಿ. ಫ್ಲಾರೆನ್ಸ್ (1439) ಮತ್ತು ಟ್ರೆಂಟ್ ಮಹಾಸಭೆಗಳು ಇದನ್ನು ಬೋಧಿಸಿವೆ. ಹದಿನಾರನೇ ಬೆನೆಡಿಕ್ಟರು 2007ರ ವಿಶ್ವಪತ್ರದಲ್ಲಿ, ಆ ಬೆಂಕಿ ಕ್ರಿಸ್ತರ ನೋಟವೇ ಇರಬಹುದೆಂಬ ಕೆಲವು ದೈವಶಾಸ್ತ್ರಜ್ಞರ ವಿಚಾರವನ್ನು ಎತ್ತಿಕೊಂಡಿದ್ದಾರೆ. ಮೃತರಿಗಾಗಿ ನಾವು ಸಲ್ಲಿಸುವ ಪ್ರಾರ್ಥನೆಗೆ ಅರ್ಥ ಬರುವುದೂ ಇಲ್ಲಿಯೇ. ಯೂದ ಮಕ್ಕಬಿಯನು ಯುದ್ಧದಲ್ಲಿ ಮಡಿದವರಿಗಾಗಿ ಕಾಣಿಕೆ ಎತ್ತಿ ಜೆರುಸಲೇಮಿಗೆ ಕಳಿಸಿದ್ದು ಮಕ್ಕಬಿಯರ ಎರಡನೇ ಗ್ರಂಥದಲ್ಲಿದೆ.

ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸಿನ ಗತಿಯೇನು? ಎಷ್ಟೋ ತಾಯಂದಿರು ಈ ಪ್ರಶ್ನೆಯನ್ನು ಯಾರಲ್ಲೂ ಕೇಳದೆ ಎದೆಯಲ್ಲಿಟ್ಟುಕೊಂಡಿದ್ದಾರೆ. ಹಿಂದೆ 'ಲಿಂಬೊ' ಎಂಬ ವಿಚಾರವಿತ್ತು, ಆದರೆ ಅದು ಎಂದೂ ವಿಶ್ವಾಸದ ಸತ್ಯವಾಗಿರಲಿಲ್ಲ. ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು 2007ರಲ್ಲಿ, ಇಂತಹ ಮಕ್ಕಳ ರಕ್ಷಣೆಯನ್ನು ನಿರೀಕ್ಷಿಸಲು ಗಟ್ಟಿ ಕಾರಣಗಳಿವೆ ಎಂದು ಹೇಳಿತು. ದೀಕ್ಷಾಸ್ನಾನ ಕೊಡಿಸಬೇಕೆಂಬ ಮನಸ್ಸು ಹೆತ್ತವರಿಗಿದ್ದರೆ, ಧರ್ಮಾಧ್ಯಕ್ಷರ ಅನುಮತಿಯೊಡನೆ ಮಗುವಿಗೆ ಚರ್ಚಿನ ಅಂತ್ಯಸಂಸ್ಕಾರ ಮಾಡಬಹುದು (ಧರ್ಮಸಭೆಯ ಕಾನೂನು 1183). ಇದು ಎಲ್ಲ ಗುರಿಕಾರರಿಗೂ, ಸಿಸ್ಟರುಗಳಿಗೂ ತಿಳಿದಿರಬೇಕು. ಆತ್ಮಹತ್ಯೆ ಮಾಡಿಕೊಂಡವರ ವಿಷಯದಲ್ಲೂ ಹಾಗೆಯೇ. 1983ರ ಸಂಹಿತೆಯಲ್ಲಿ ಅಂತ್ಯಸಂಸ್ಕಾರ ನಿರಾಕರಿಸುವವರ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಅವರ ರಕ್ಷಣೆಯ ಬಗ್ಗೆ ಹತಾಶರಾಗಬಾರದೆಂದು ಧರ್ಮೋಪದೇಶ ಗ್ರಂಥ ತಿಳಿಸುತ್ತದೆ. ಸಾಲದ ಹೊರೆ ತಾಳದೆ ರೈತರು ಪ್ರಾಣ ಬಿಟ್ಟಿರುವ ಜಿಲ್ಲೆಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ.

ಇನ್ನು ಸುಡುವುದೋ, ಹೂಳುವುದೋ? ಹಿಂದೆ ಸುಡುವುದಕ್ಕೆ ನಿಷೇಧವಿತ್ತು. 1963ರಲ್ಲಿ ವ್ಯಾಟಿಕನ್ ಅದನ್ನು ಸಡಿಲಿಸಿತು. ವಿಶ್ವಾಸಕ್ಕೆ ವಿರುದ್ಧವಾದ ಉದ್ದೇಶದಿಂದ ಅಲ್ಲದಿದ್ದರೆ ದಹನಕ್ಕೆ ಅಡ್ಡಿಯಿಲ್ಲ, ಆದರೂ ಹೂಳುವುದೇ ಲೇಸು ಎಂಬುದು ಧರ್ಮಸಭೆಯ ನಿಲುವು. ಸುಟ್ಟರೆ ದೇವರು ಎಬ್ಬಿಸಲಾರರೇ ಎಂಬ ಭಯಕ್ಕೆ ಆಧಾರವಿಲ್ಲ. ಮಣ್ಣಾದ ದೇಹವೂ ಕಡೆಗೆ ಮಣ್ಣೇ ತಾನೇ? 2020ರ ಜುಲೈನಲ್ಲಿ ಕೇರಳದ ಆಲಪ್ಪುಳ ಧರ್ಮಪ್ರಾಂತ್ಯವು ಕೋವಿಡ್‌ನಿಂದ ಮೃತರಾದವರನ್ನು ಚರ್ಚಿನ ಸಿಮೆಟ್ರಿಯಲ್ಲಿಯೇ ದಹಿಸಲು ಅನುಮತಿ ನೀಡಿತು. ಆಳವಾಗಿ ಅಗೆದರೆ ನೀರು ಬರುವ ನೆಲ ಅದು.

ತೊಡಕು ಇರುವುದು ಬೂದಿಯಲ್ಲಿ. ಬೂದಿಯನ್ನು ಗಾಳಿಗೆ, ನೀರಿಗೆ ಬಿಡಬಾರದು, ಪವಿತ್ರ ಸ್ಥಳದಲ್ಲಿ ಇಡಬೇಕು ಎಂದು 2016ರ ಆದೇಶ ಹೇಳಿತು. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್ ಒಂದು ಸಣ್ಣ ರಿಯಾಯಿತಿ ಕೊಟ್ಟಿತು: ಮೃತರಿಗೆ ಪ್ರಿಯವಾಗಿದ್ದ ಸ್ಥಳದಲ್ಲಿ ಬೂದಿಯ ಚಿಕ್ಕ ಅಂಶವನ್ನು ಇಡಲು ಅನುಮತಿ ನೀಡಬಹುದು. ಚೆಲ್ಲುವುದಕ್ಕೆ ಮಾತ್ರ ಈಗಲೂ ಒಪ್ಪಿಗೆಯಿಲ್ಲ. ಅಣ್ಣ ಹಿಂದೂ, ತಮ್ಮ ಕ್ರೈಸ್ತ ಎಂಬಂತಿರುವ ಮನೆಗಳಲ್ಲಿ ಬಂಧುಗಳು ಬೂದಿಯನ್ನು ಘಟಪ್ರಭೆಗೆ ಬಿಡೋಣ ಎನ್ನುವುದು ಸಹಜ, ಅದರಲ್ಲಿ ಅವರ ಪ್ರೀತಿಯೇ ಇದೆ. ಶವದ ಮುಂದೆ ನಿಂತು ವಾದ ಮಾಡುವುದು ಯಾರಿಗೂ ಶೋಭೆಯಲ್ಲ. ಬದುಕಿದ್ದಾಗಲೇ ತನ್ನ ಇಚ್ಛೆಯನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಮನೆಯವರಿಗೂ ಧರ್ಮಗುರುಗಳಿಗೂ ಕೊಟ್ಟಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಸ್ಮಶಾನದ ಭಯದ ಬಗ್ಗೆ ಒಂದು ಮಾತು. ಗೋಕಾಕದವರೂ, ಹುಕ್ಕೇರಿ ತಾಲೂಕಿನ ಯಮಕನಮರಡಿ ಕ್ಷೇತ್ರದ ಶಾಸಕರೂ ಆದ ಸತೀಶ ಜಾರಕಿಹೊಳಿಯವರು ಮೂಢನಂಬಿಕೆ ವಿರೋಧಿಸಿ 2014ರ ಡಿಸೆಂಬರ್ 6ರಂದು ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ರಾತ್ರಿ ಮಲಗಿದ್ದು ರಾಜ್ಯದಲ್ಲಿಯೇ ಸುದ್ದಿಯಾಯಿತು. ಅವರ ದಾರಿ ವಿಚಾರವಾದದ್ದು, ನಮ್ಮದು ವಿಶ್ವಾಸದ್ದು. ಆದರೆ 'ಸಿಮೆಟ್ರಿ' ಎಂಬ ಪದದ ಗ್ರೀಕ್ ಮೂಲದ ಅರ್ಥವೇ ಮಲಗುವ ಜಾಗ ಎಂದು! ಮಲಗಿದವರು ಏಳುತ್ತಾರೆಂದು ನಂಬಿದ್ದರಿಂದಲೇ ಆದಿ ಕ್ರೈಸ್ತರು ಆ ಹೆಸರು ಇಟ್ಟರು. ಹೀಗಿರುವಾಗ ಸಮಾಧಿಯ ಹತ್ತಿರ ಹೋಗಲು ಹೆದರಿ ನಿಂಬೆಹಣ್ಣು, ತಾಯಿತ ಕಟ್ಟಿಸಿಕೊಳ್ಳುವುದು ನಮಗೆ ಒಪ್ಪುವುದಿಲ್ಲ.

ನವೆಂಬರ್ 1ರಿಂದ 8ರವರೆಗೆ ಸಿಮೆಟ್ರಿಗೆ ಹೋಗಿ ಮೃತರಿಗಾಗಿ ಪ್ರಾರ್ಥಿಸುವವರು, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಜಗದ್ಗುರುಗಳ ಉದ್ದೇಶಗಳಿಗಾಗಿ ಪ್ರಾರ್ಥಿಸಿ, ಪಾಪದ ಮೋಹವನ್ನೆಲ್ಲ ತೊರೆದಿದ್ದರೆ, ದಿನಕ್ಕೊಂದರಂತೆ ಪೂರ್ಣ ದಂಡವಿಮೋಚನೆಯನ್ನು ಮೃತರ ಆತ್ಮಗಳಿಗಾಗಿ ಪಡೆಯಬಹುದು. ನವೆಂಬರ್ 2ರಂದು ಪ್ರತಿ ಗುರುಗಳು ಮೂರು ಬಲಿಪೂಜೆ ಅರ್ಪಿಸಬಹುದೆಂದು 1915ರಲ್ಲಿ, ಮೊದಲ ಮಹಾಯುದ್ಧದ ಸಾವುನೋವಿನ ನಡುವೆ, ಹದಿನೈದನೇ ಬೆನೆಡಿಕ್ಟರು ಅನುಮತಿಸಿದರು. ಅವುಗಳಲ್ಲಿ ಒಂದು ಸಕಲ ಮೃತ ವಿಶ್ವಾಸಿಗಳಿಗಾಗಿ, ಪ್ರಾರ್ಥಿಸಲು ಯಾರೂ ಇಲ್ಲದವರಿಗೂ ಸೇರಿ.