ಡಯಾಲಿಸಿಸ್ ಮತ್ತು ಹೃದಯದ ಲಯ

ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರನ್ನೋ ಬಾಳೆಹಣ್ಣನ್ನೋ ಒಯ್ಯುವುದು ನಮ್ಮ ಮನೆತನಗಳಲ್ಲಿ ನಡೆದುಬಂದ ವಾಡಿಕೆ. ಅದರ ಹಿಂದಿರುವುದು ಅಂತಃಕರಣವೇ ಸರಿ. ಆದರೆ ಮೂತ್ರಪಿಂಡಗಳು ಸೋತು ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವವರ ಪಾಲಿಗೆ ಇದೇ ಉಪಚಾರ ಪ್ರಾಣಕ್ಕೆ ಎರವಾಗಬಹುದು. ಕಾರಣವನ್ನು ಪ್ರತಿಯೊಂದು ಕುಟುಂಬವೂ ಅರಿತಿರಬೇಕೆಂದು ನಾವು ಭಾವಿಸುತ್ತೇವೆ.

ಹೃದಯದ ಪ್ರತಿಯೊಂದು ಮಿಡಿತವೂ ಒಂದು ಸೂಕ್ಷ್ಮ ವಿದ್ಯುತ್ ಪ್ರೇರಣೆಯ ಫಲ. ಜೀವಕೋಶದ ಒಳಗೂ ಹೊರಗೂ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಲವಣಗಳು ತಕ್ಕ ಪ್ರಮಾಣದಲ್ಲಿದ್ದರೆ ಮಾತ್ರ ಈ ಪ್ರೇರಣೆ ಕ್ರಮವಾಗಿ ಹರಿಯುತ್ತದೆ. ಒಂದು ಲೀಟರ್ ರಕ್ತದ್ರವದಲ್ಲಿ ಪೊಟ್ಯಾಸಿಯಂ ಸುಮಾರು 3.5ರಿಂದ 5 ಮಿಲಿಮೋಲ್‌ನಷ್ಟಿರಬೇಕು. ಹೆಚ್ಚಾದುದನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದು. ಅವು ಸೋತಾಗ ಅದು ರಕ್ತದಲ್ಲಿಯೇ ಸಂಚಯವಾಗುತ್ತದೆ.

ಹೃದಯದ ಈ ವಿದ್ಯುತ್ತನ್ನು ರೇಖೆಗಳಲ್ಲಿ ತೋರಿಸುವ ಇ.ಸಿ.ಜಿ.ಯನ್ನು ಬೆಳೆಸಿದವರು ನೆದರ್ಲೆಂಡ್ಸಿನ ಲೈಡನ್ ನಗರದ ಪ್ರಾಧ್ಯಾಪಕ ವಿಲೆಮ್ ಐಂಥೋವನ್. 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ಲೈಡನ್ನಿನಲ್ಲಿ 1911ರಲ್ಲಿ ಜನಿಸಿದ ವಿಲೆಮ್ ಕೋಲ್ಫ್, ಯುದ್ಧದ ಸಂಕಷ್ಟದ ನಡುವೆ, 1943ರಲ್ಲಿ ಕಾಂಪೆನ್ ಎಂಬ ಊರಿನಲ್ಲಿ ಕೃತಕ ಮೂತ್ರಪಿಂಡವನ್ನು ರೋಗಿಗಳಿಗೆ ಬಳಸತೊಡಗಿದರು. ಈ ಇಬ್ಬರ ಸಾಧನೆಗಳು ಇಂದು ಒಂದೇ ರೋಗಿಯ ಹಾಸಿಗೆಯ ಬದಿಯಲ್ಲಿ ಸಂಧಿಸುತ್ತವೆ.

ಪೊಟ್ಯಾಸಿಯಂ ಏರಿದಾಗ ಇ.ಸಿ.ಜಿ.ಯ 'ಟಿ' ಎಂಬ ಅಲೆ ಗುಡಾರದಂತೆ ಚೂಪಾಗಿ ಮೇಲೇಳಬಹುದು. ಇನ್ನೂ ಏರಿದರೆ 'ಪಿ' ಅಲೆ ಕುಗ್ಗಿ, ಮಿಡಿತದ ರೇಖೆ ಅಗಲವಾಗಿ, ಕೊನೆಗೆ ಹೃದಯವೇ ನಿಲ್ಲಬಹುದು. ಕೆಲವೊಮ್ಮೆ ಇಂಥ ಮುನ್ಸೂಚನೆಯಿಲ್ಲದೆಯೂ ಆಪತ್ತು ಬರುವುದುಂಟು. ಡಯಾಲಿಸಿಸ್ ಈ ಹೊರೆಯನ್ನು ಇಳಿಸುತ್ತದೆ. ಆದರೆ ಎರಡು ಮೂರು ದಿನಗಳಲ್ಲಿ ಸೇರಿದುದನ್ನು ನಾಲ್ಕು ಗಂಟೆಗಳಲ್ಲಿ ತೆಗೆಯುವಾಗ ಲವಣಗಳು ಥಟ್ಟನೆ ಇಳಿಯುತ್ತವೆ. ಆಗ ಕೆಲವರಲ್ಲಿ ಇ.ಸಿ.ಜಿ.ಯ 'ಕ್ಯೂಟಿ' ಅಂತರ ಹಿಗ್ಗಿ ಹೃದಯ ತಾಳ ತಪ್ಪುತ್ತದೆ. ಆದುದರಿಂದಲೇ ವೈದ್ಯರು ಶೋಧಕ ದ್ರವದ ಪೊಟ್ಯಾಸಿಯಂ ಪ್ರಮಾಣವನ್ನು ರೋಗಿಯ ರಕ್ತಪರೀಕ್ಷೆಯನ್ನು ನೋಡಿ ನಿರ್ಣಯಿಸುತ್ತಾರೆ.

ಆರೋಗ್ಯವಂತ ಮೂತ್ರಪಿಂಡ ವಾರದ 168 ಗಂಟೆಯೂ ದುಡಿಯುತ್ತದೆ. ವಾರಕ್ಕೆ ಮೂರು ಬಾರಿ ನಡೆಯುವ ಯಂತ್ರದ ದುಡಿಮೆ ಸುಮಾರು 12 ಗಂಟೆ ಮಾತ್ರ. ಮಿಕ್ಕ ಅವಧಿಯ ಕಾವಲು ಮನೆಯವರದೇ. 2011ರಲ್ಲಿ ಪ್ರಕಟವಾದ, ಅಮೆರಿಕದ ಸುಮಾರು 32,000 ರೋಗಿಗಳ ಅಧ್ಯಯನದಲ್ಲಿ, ಎರಡು ದಿನಗಳ ದೀರ್ಘ ಬಿಡುವಿನ ಮರುದಿನ ಸಾವುಗಳು ಉಳಿದ ದಿನಗಳಿಗಿಂತ ಹೆಚ್ಚಾಗಿದ್ದವು.

ಆದ್ದರಿಂದ ಮದುವೆ, ಜಾತ್ರೆಗಳ ಸಲುವಾಗಿ ಡಯಾಲಿಸಿಸ್ ಸರದಿಯನ್ನು ತಪ್ಪಿಸುವುದು ಸಲ್ಲದು. ಎಳನೀರು ಬೇಡ; ಹಣ್ಣನ್ನು ವೈದ್ಯರ ಅನುಮತಿಯಿಲ್ಲದೆ ಕೊಡಬಾರದು. 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಅದೂ ವರ್ಜ್ಯ. ತರಕಾರಿಯನ್ನು ಹೆಚ್ಚಿ, ಹೇರಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಪೊಟ್ಯಾಸಿಯಂ ತಗ್ಗುತ್ತದೆ. ಕೈಕಾಲು ಸೋತು ಬಂದರೆ, ಎದೆಬಡಿತ ತಪ್ಪಿದರೆ, ತಲೆ ಸುತ್ತಿ ಬಿದ್ದರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ರೋಗಿಯನ್ನು ಕಾಣಲು ಹೋಗುವ ಬಂಧುಗಳು ಬರಿಗೈಯಲ್ಲಿ ಹೋದರೂ ಕೊರತೆಯಿಲ್ಲ. ಡಯಾಲಿಸಿಸ್ ದಿನ ಜೊತೆಗೆ ಹೋಗಿ ನಾಲ್ಕು ಗಂಟೆ ಕುಳಿತು ಬಂದರೆ, ಅದಕ್ಕಿಂತ ಹಿರಿದಾದ ಉಪಚಾರವನ್ನು ನಾವು ಕಾಣೆವು.