ಊರಿನ ಮನೆಯ ದಾರಿಗೆ ಅಲಾರಂ: ಕೊಳ್ಳುವ ಮೊದಲು ನೋಡಬೇಕಾದ ಲೆಕ್ಕ

ಪುತ್ತೂರು, ಸುಳ್ಯ, ಬೆಳ್ತಂಗಡಿ, ಕುಂದಾಪುರದ ಒಳಭಾಗದಲ್ಲಿ ಮನೆ ಇರುವ ಗಲ್ಫ್ ಕನ್ನಡಿಗರಿಗೆ ಈ ಚಿತ್ರ ಹೊಸದಲ್ಲ. ಡಾಮರು ರಸ್ತೆಯಿಂದ ಇಳಿದರೆ ಗೇಟು, ಗೇಟಿನಿಂದ ಅಡಿಕೆ ತೋಟದ ನಡುವೆ ಮಣ್ಣಿನ ದಾರಿ, ಕೊನೆಗೆ ಅಂಗಳ. ಕೂಗಿದರೆ ಪಕ್ಕದ ಮನೆಗೆ ಕೇಳುತ್ತದೋ ಇಲ್ಲವೋ ಎನ್ನುವಷ್ಟು ದೂರ. ಮಗ ದಮಾಮಿನಲ್ಲಿ, ಮಗಳು ಗಂಡನ ಮನೆಯಲ್ಲಿ, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ.

ಇಂಥ ಮನೆಗಳಿಗೆ ಕೆಲವರು ಡ್ರೈವ್‌ವೇ ಅಲಾರಂ ತೆಗೆದುಕೊಂಡು ಹೋಗುತ್ತಿದ್ದಾರೆ. ಗೇಟಿನ ಹತ್ತಿರ ಒಂದು ಸೆನ್ಸರ್, ಮನೆಯೊಳಗೆ ಒಂದು ಗಂಟೆ ಪೆಟ್ಟಿಗೆ. ದಾರಿಯಲ್ಲಿ ಯಾರಾದರೂ ಬಂದರೆ ಒಳಗೆ ಗಂಟೆ ಬಾರಿಸುತ್ತದೆ. ಕಳ್ಳನನ್ನು ಇದು ತಡೆಯುವುದಿಲ್ಲ. ಬಾಗಿಲು ತಟ್ಟುವ ಮೊದಲೇ ಯಾರೋ ಬರುತ್ತಿದ್ದಾರೆ ಅಂತ ತಿಳಿಸುತ್ತದೆ, ಅಷ್ಟೇ.

ತೊಂದರೆ ಏನೆಂದರೆ, ಕೊಳ್ಳುವವರು ಗಲ್ಫಿನಲ್ಲಿದ್ದಾರೆ, ಗಂಟೆ ಕೇಳಿಸಿಕೊಳ್ಳಬೇಕಾದವರು ಊರಿನಲ್ಲಿದ್ದಾರೆ. ಮಗ ಆ್ಯಪ್, ಕ್ಯಾಮೆರಾ, ಎಷ್ಟು ಮೀಟರ್ ರೇಂಜ್ ಅಂತ ನೋಡುತ್ತಾನೆ. ಅಮ್ಮನಿಗೆ ಬೇಕಾದದ್ದು ಒಂದೇ: ಬಾರಿಸಿದರೆ ಅದು ನಿಜವಾಗಿರಬೇಕು.

ಸುಳ್ಳು ಗಂಟೆಯ ಲೆಕ್ಕ

ರಾತ್ರಿಗೆ ಮೂರು ಸಲ ಸುಮ್ಮನೆ ಬಾರಿಸಿದರೆ ವರ್ಷಕ್ಕೆ 1,095 ಸಲ ಆಯಿತು. ಅಷ್ಟು ಸಲ ಎದ್ದು ಲೈಟ್ ಹಾಕಿ ನೋಡುವವರು ಯಾರೂ ಇಲ್ಲ. ಮೊದಲ ವಾರ ಏಳುತ್ತಾರೆ, ಎರಡನೇ ವಾರ ಮಗ್ಗುಲು ಬದಲಿಸುತ್ತಾರೆ, ಮೂರನೇ ವಾರ ಸ್ವಿಚ್ ಆಫ್ ಮಾಡುತ್ತಾರೆ. ಮಗನಿಗೆ ಬೇಜಾರಾಗದಿರಲಿ ಅಂತ ಫೋನಿನಲ್ಲಿ "ಹ್ಞೂಂ ಮಗಾ, ಸರಿ ಉಂಟು" ಅನ್ನುತ್ತಾರೆ. ಅಲಾರಂ ಇದೆ ಎಂಬ ಧೈರ್ಯ ಮಗನಿಗೆ ಉಳಿಯುತ್ತದೆ, ಮನೆಯಲ್ಲಿ ಅಲಾರಂ ಮಾತ್ರ ಇಲ್ಲ. ಹಾಗಾಗಿ ಬೆಲೆಗಿಂತ ಮೊದಲು ನೋಡಬೇಕಾದದ್ದು ಸುಳ್ಳು ಗಂಟೆ ಎಷ್ಟು ಕಡಿಮೆ ಎಂಬುದನ್ನು.

ಮುಖ್ಯವಾಗಿ ಮೂರು ಬಗೆ

ಮೊದಲನೆಯದು ಪಿಐಆರ್ ಸೆನ್ಸರ್. ಮೈಯ ಬಿಸಿ ತನ್ನ ಎದುರು ಚಲಿಸಿದರೆ ಇದು ಗುರುತಿಸುತ್ತದೆ. ಬೆಲೆ ಕಡಿಮೆ, ಬ್ಯಾಟರಿಯಲ್ಲಿ ನಡೆಯುತ್ತದೆ, ಕೂರಿಸುವುದು ಸುಲಭ. ನಡೆದು ಬರುವವರನ್ನೂ ವಾಹನವನ್ನೂ ಹಿಡಿಯುತ್ತದೆ. ಆದರೆ ನಾಯಿ, ದನ, ಹಂದಿ, ನವಿಲು ಬಂದರೂ ಬಾರಿಸುತ್ತದೆ. ಬಿಸಿಲಿಗೆ ಕಾದ ಬಾಳೆ ಎಲೆ ಗಾಳಿಗೆ ಅಲ್ಲಾಡಿದರೂ, ಕಣ್ಣಿನ ಮುಂದೆ ಜೇಡ ಬಲೆ ಕಟ್ಟಿದರೂ ಅದೇ ಕತೆ. ಏಪ್ರಿಲ್–ಮೇ ಹಗಲಿನಲ್ಲಿ ಹೊರಗಿನ ಬಿಸಿ ಮೈಯ ಬಿಸಿಯ ಹತ್ತಿರ ಬಂದಾಗ ಮನುಷ್ಯರನ್ನು ಗುರುತಿಸುವ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ. ರಾತ್ರಿ ತಂಪಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಎರಡನೆಯದು ಆಯಸ್ಕಾಂತದ ತತ್ವದ ಸೆನ್ಸರ್. ದಾರಿಯ ಬದಿಯಲ್ಲಿ ಹೂಳುವ ಈ ಕೊಳವೆ ಕಬ್ಬಿಣದ ದೊಡ್ಡ ವಸ್ತು ಹತ್ತಿರ ಹಾದುಹೋದಾಗ ಮಾತ್ರ ಬಾರಿಸುತ್ತದೆ. ಕಾರು, ಜೀಪು, ಪಿಕಪ್ ಬಂದರೆ ತಪ್ಪದೆ ತಿಳಿಯುತ್ತದೆ, ದನ ನಾಯಿಗಳ ಕಾಟ ಇಲ್ಲವೇ ಇಲ್ಲ. ಆದರೆ ನಡೆದು ಬಂದವರನ್ನು ಇದು ಹಿಡಿಯುವುದಿಲ್ಲ. ಸ್ಕೂಟರ್ ಬದಿಯಲ್ಲಿ ದೂರದಿಂದ ಹೋದರೆ ತಪ್ಪಿಸಿಕೊಳ್ಳಬಹುದು. ತೋಟದ ಅಡಿಕೆ ರಾತ್ರಿ ವಾಹನದಲ್ಲಿ ಹೋದೀತು ಎಂಬ ಭಯ ಇರುವ ಮನೆಗೆ ಇದು ಒಳ್ಳೆಯದು.

ಮೂರನೆಯದು ಬೀಮ್ ಸೆನ್ಸರ್. ದಾರಿಯ ಎರಡೂ ಬದಿಗೆ ಒಂದೊಂದು ಕಂಬ, ನಡುವೆ ಕಣ್ಣಿಗೆ ಕಾಣದ ಕಿರಣ. ಕಿರಣ ತುಂಡಾದರೆ ಗಂಟೆ. ಒಂದರ ಮೇಲೊಂದು ಎರಡು ಕಿರಣ ಇರುವ ಮಾದರಿಯಲ್ಲಿ ಎರಡೂ ಒಟ್ಟಿಗೆ ತುಂಡಾದರೆ ಮಾತ್ರ ಬಾರಿಸುತ್ತದೆ, ಆದ್ದರಿಂದ ಉದುರುವ ಎಲೆ, ಹಾರುವ ಹಕ್ಕಿಗೆ ಬಾರಿಸುವುದಿಲ್ಲ. ಕಿರಣವನ್ನು ಸೊಂಟದ ಎತ್ತರಕ್ಕೆ ಇಟ್ಟರೆ ನಾಯಿ ಕೆಳಗಿಂದ ಹೋಗುತ್ತದೆ. ಆದರೆ ಎರಡು ಕಂಬ ಸರಿಯಾಗಿ ಎದುರುಬದುರು ಇರಬೇಕು, ದಟ್ಟ ಮಂಜು ಮತ್ತು ಜಡಿಮಳೆಯಲ್ಲಿ ತೊಂದರೆ ಕೊಡಬಹುದು.

ಸಿಮ್ ಹಾಕುವ ಕ್ಯಾಮೆರಾ ಇವುಗಳ ಬದಲಿಗೆ ಅಲ್ಲ, ಜೊತೆಗೆ. ಅದು ಮಗನ ಫೋನಿಗೆ ಸುದ್ದಿ ಕಳಿಸುತ್ತದೆ. ಊರಿನಲ್ಲಿ ರಾತ್ರಿ 2 ಗಂಟೆ ಆಗಿರುವಾಗ ದುಬೈಯಲ್ಲಿ 12.30, ರಿಯಾದಿನಲ್ಲಿ 11.30. ಮಗ ಮಲಗಿರಬಹುದು, ನೈಟ್ ಡ್ಯೂಟಿಯಲ್ಲಿ ಫೋನ್ ಲಾಕರಿನಲ್ಲಿರಬಹುದು. ಮನೆಯೊಳಗೆ ಬಾರಿಸುವ ಗಂಟೆ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ಮಾಡಬೇಕು.

ಎಲ್ಲಿ ಕೂರಿಸಬೇಕು

ಗೇಟಿನಿಂದ ಅಂಗಳಕ್ಕೆ 60 ಮೀಟರ್ ಇದೆ ಅಂತ ಇಟ್ಟುಕೊಂಡರೆ, ನಡೆದು ಬರುವವರಿಗೆ ಸುಮಾರು 50 ಸೆಕೆಂಡ್ ಬೇಕು. 20 ಕಿಲೋಮೀಟರ್ ವೇಗದ ಬೈಕಿಗೆ 11 ಸೆಕೆಂಡ್ ಸಾಕು. ಮಂಡಿ ನೋವಿರುವ ಅಮ್ಮ ಮಂಚದಿಂದ ಎದ್ದು ಕಿಟಕಿಗೆ ಬರಲು ಎಷ್ಟು ಹೊತ್ತು ಬೇಕು ಎಂಬುದನ್ನು ಇದರ ಪಕ್ಕ ಇಟ್ಟು ನೋಡಬೇಕು. ಸೆನ್ಸರ್ ಅಂಗಳದ ತುದಿಯಲ್ಲಿದ್ದರೆ ಪ್ರಯೋಜನ ಇಲ್ಲ.

ಪಿಐಆರ್ ಆದರೆ ನೆಲದಿಂದ ಒಂದು ಮೀಟರ್ ಎತ್ತರದಲ್ಲಿ, ದಾರಿಗೆ ಅಡ್ಡವಾಗಿ ನೋಡುವಂತೆ ಇಡಬೇಕು. ನೇರವಾಗಿ ತನ್ನ ಕಡೆಗೆ ಬರುವವರಿಗಿಂತ ಅಡ್ಡ ಹಾದುಹೋಗುವವರನ್ನು ಅದು ಚೆನ್ನಾಗಿ ಗುರುತಿಸುತ್ತದೆ. ಡಾಮರು ರಸ್ತೆಯ ಕಡೆಗೆ, ಬೆಳಗಿನ ಅಥವಾ ಸಂಜೆಯ ಬಿಸಿಲಿನ ಕಡೆಗೆ ಮುಖ ಮಾಡಬಾರದು. ಕಣ್ಣಿನ ಕೆಳಭಾಗಕ್ಕೆ ಕಪ್ಪು ಟೇಪ್ ಅಂಟಿಸಿದರೆ ನಾಯಿ ಬೆಕ್ಕಿನ ಗಂಟೆ ಬಹುಮಟ್ಟಿಗೆ ನಿಲ್ಲುತ್ತದೆ. ತೋಟದ ಹಿಂದಿನಿಂದ ಕಾಲುದಾರಿ ಇದ್ದರೆ ಅಲ್ಲಿಗೂ ಒಂದು ಸೆನ್ಸರ್ ಬೇಕು. ಒಂದೊಂದು ಸೆನ್ಸರಿಗೆ ಒಂದೊಂದು ರಾಗ ಕೊಡುವ ಮಾದರಿ ಸಿಗುತ್ತದೆ. ಯಾವ ಕಡೆಯಿಂದ ಬಂದರು ಅಂತ ರಾಗದಲ್ಲೇ ತಿಳಿಯುತ್ತದೆ.

ಮಳೆ, ಸಿಡಿಲು, ಕರೆಂಟು

ಪೆಟ್ಟಿಗೆಯ ಮೇಲೆ ಐಪಿ65 ಅಂತ ಇದ್ದರೆ ಧೂಳು ಒಳಗೆ ಹೋಗುವುದಿಲ್ಲ, ಯಾವ ದಿಕ್ಕಿನಿಂದ ನೀರು ರಾಚಿದರೂ ತಡೆಯುತ್ತದೆ. ಕರಾವಳಿಯ ಮಳೆಗೆ ಅದಕ್ಕಿಂತ ಕಡಿಮೆಯದ್ದು ಬೇಡ. ನೆಲದಲ್ಲಿ ಹೂಳುವುದಾದರೆ, ನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿದರೂ ತಾಳುವ ಐಪಿ67 ಬೇಕು. ಮಳೆಗಾಲಕ್ಕೆ ಮೊದಲಿನ ಸಿಡಿಲು ಉದ್ದ ವೈರಿನ ಮೂಲಕ ಮನೆಯೊಳಗಿನ ಉಪಕರಣಕ್ಕೂ ಹೊಡೆಯುತ್ತದೆ. ಈ ಕಾರಣಕ್ಕೆ ಗೇಟಿನಿಂದ ಮನೆಗೆ ವೈರ್ ಎಳೆಯುವುದಕ್ಕಿಂತ ವೈರ್‌ಲೆಸ್ ಮೇಲು. ಒಳಗಿನ ಗಂಟೆ ಪೆಟ್ಟಿಗೆಗೆ ಕರೆಂಟಿನ ಜೊತೆ ಬ್ಯಾಟರಿಯೂ ಇರಬೇಕು. ಕರೆಂಟ್ ಹೋದ ರಾತ್ರಿಯೇ ಅದು ಹೆಚ್ಚು ಬೇಕಾಗುವುದು.

ಗಲ್ಫಿನಲ್ಲಿ ಕೊಳ್ಳುವಾಗ

ಪೆಟ್ಟಿಗೆಯ ಮೇಲೆ ಬರೆದ ರೇಂಜ್ ಬಯಲಿನ ಲೆಕ್ಕ. ಅಡಿಕೆ ಮರ, ಒದ್ದೆ ಎಲೆ, ಕೆಂಪುಕಲ್ಲಿನ ಗೋಡೆ ದಾಟುವಾಗ ಅದು ತುಂಬಾ ಇಳಿಯುತ್ತದೆ. 60 ಮೀಟರಿಗೆ 200 ಮೀಟರ್ ಅಂತ ಬರೆದದ್ದಾದರೂ ಬೇಕು. ರೇಡಿಯೋ ತರಂಗದ ಸಂಖ್ಯೆಯನ್ನೂ ನೋಡಬೇಕು. ಅಮೆರಿಕದ ಮಾರುಕಟ್ಟೆಗೆ ಮಾಡಿದ ಕೆಲವು ಮಾದರಿ 915 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತವೆ. ಭಾರತದಲ್ಲಿ ಇಂಥ ಸಣ್ಣ ಉಪಕರಣಕ್ಕೆ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 433 ಅಥವಾ 865ರಿಂದ 868ರ ವರೆಗಿನದು. ಸಿಮ್ ಹಾಕುವ ಅಲಾರಂ ಆದರೆ 4ಜಿ ಹಿಡಿಯುತ್ತದೆಯೇ ಅಂತ ಕೇಳಬೇಕು. 2ಜಿ ಮಾತ್ರ ಇರುವುದಕ್ಕೆ ಜಿಯೋ ಸಿಮ್ ಹಾಕಿದರೆ ನಡೆಯುವುದಿಲ್ಲ. ಬಿಡಿ ಲಿಥಿಯಂ ಬ್ಯಾಟರಿ ಇದ್ದರೆ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಲಗೇಜಿನಲ್ಲಿ ಹಾಕುವಂತಿಲ್ಲ.

ಊರಿನ ಪೇಟೆಯಲ್ಲೇ ಸಿಗುವುದಾದರೆ ಅಲ್ಲೇ ಕೊಳ್ಳುವುದು ಅನೇಕ ಸಲ ಲಾಭ. ಹಾಳಾದಾಗ ಅಪ್ಪ ಅದನ್ನು ಅಂಗಡಿಗೆ ಒಯ್ಯಬಹುದು. ದುಬೈಯ ವಾರಂಟಿ ಕಾರ್ಡ್ ಸುಳ್ಯದಲ್ಲಿ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯೂ ಊರಿನ ಅಂಗಡಿಯಲ್ಲಿ ಸಿಗುವಂಥದ್ದೇ ಇರಬೇಕು.

ವಯಸ್ಸಾದವರಿಗೆ ಮೊದಲು ಕೇಳದಾಗುವುದು ಕೀರಲು ಸ್ವರ. ಆದ್ದರಿಂದ ದಪ್ಪ ಸ್ವರದ, ಜೋರು ಕಡಿಮೆ ಮಾಡಲು ಬರುವ ಗಂಟೆ ಆರಿಸಬೇಕು. ಮಲಗುವ ಕೋಣೆಗೂ ಅಡುಗೆಮನೆಗೂ ಒಂದೊಂದು ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೆಯದು.

ಗಂಟೆ ಬಾರಿಸಿದ ಮೇಲೆ

ಬಾರಿಸಿದ ಮೇಲೆ ಏನು ಮಾಡಬೇಕು ಅಂತ ಮೊದಲೇ ಮಾತಾಡಿಕೊಳ್ಳದಿದ್ದರೆ ಗಂಟೆ ಬರೀ ಹೆದರಿಕೆ ಹುಟ್ಟಿಸುತ್ತದೆ. ಕ್ರಮ ಸರಳವಾಗಿರಲಿ: ಒಳಗಿನಿಂದಲೇ ಅಂಗಳದ ಲೈಟ್ ಹಾಕುವುದು, ಕಿಟಕಿಯಿಂದ ನೋಡುವುದು, ಗುರುತಿಲ್ಲದವರಾದರೆ ಬಾಗಿಲು ತೆಗೆಯದೆ ಪಕ್ಕದ ಮನೆಯವರಿಗೆ ಫೋನ್ ಮಾಡುವುದು, ಬೇಕಾದರೆ 112. ಮಗನಿಗೆ ಫೋನ್ ಕೊನೆಗೆ. ಅಷ್ಟು ದೂರದಿಂದ ಅವನು ಮಾಡುವುದೂ ಪಕ್ಕದ ಮನೆಯವರಿಗೆ ಫೋನ್ ತಾನೇ? ಆದ್ದರಿಂದ ರಜೆಯಲ್ಲಿ ಆ ಮನೆಯವರನ್ನು ಹೋಗಿ ಕಂಡು, ಹೇಳಿ ಬರುವುದೂ ಅಲಾರಂ ಕೂರಿಸುವ ಕೆಲಸದ ಒಂದು ಭಾಗ.

ರಜೆಯ ಮೊದಲ ವಾರವೇ

ಮದುವೆ, ಪೂಜೆ, ಬ್ಯಾಂಕಿನ ಕೆಲಸ ಮುಗಿಸಿ ಹೊರಡುವ ಹಿಂದಿನ ದಿನ ಅಲಾರಂ ಕೂರಿಸಿದರೆ ಅದು ಹಾಳಾದಂತೆಯೇ. ಬಂದ ಮೂರನೇ ದಿನ ಕೂರಿಸಬೇಕು. ಒಬ್ಬರು ಅಮ್ಮನ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ ಕೂತಿರಲಿ. ಇನ್ನೊಬ್ಬರು ಗೇಟಿನಿಂದ ನಡೆದು, ಮತ್ತೆ ಬೈಕಿನಲ್ಲಿ ಬರಲಿ. ಹಗಲೊಮ್ಮೆ, ರಾತ್ರಿಯೊಮ್ಮೆ, ಮಳೆ ಬಂದಾಗ ಒಮ್ಮೆ.

ಗಂಟೆಯ ಪಕ್ಕ ಒಂದು ಹಳೇ ನೋಟ್‌ಬುಕ್ ಇಟ್ಟು, ಬಾರಿಸಿದಾಗಲೆಲ್ಲ ಹೊತ್ತು ಮತ್ತು ಬಂದದ್ದು ಏನು ಅಂತ ಬರೆಯಲಿ: ಹಾಲಿನವರು, ದನ, ಯಾರೂ ಇಲ್ಲ. ಎರಡು ವಾರದಲ್ಲಿ "ಯಾರೂ ಇಲ್ಲ" ಎಂಬ ಸಾಲು ಹೆಚ್ಚಿದ್ದರೆ ಸೆನ್ಸರಿನ ಜಾಗ ಬದಲಿಸಲು ಇನ್ನೂ ದಿನ ಇರುತ್ತದೆ. ವಿಮಾನ ಹತ್ತುವ ಹಿಂದಿನ ರಾತ್ರಿ ಗಂಟೆ ಬಾರಿಸಿದಾಗ ಅಮ್ಮ ತಾನಾಗಿಯೇ ಎದ್ದು ಕಿಟಕಿಯ ಹತ್ತಿರ ಹೋದರೆ, ಕೊಟ್ಟ ದುಡ್ಡು ಸಾರ್ಥಕ.