ಚಳಿ ಇದ್ದರೆ ಭೂಮಿ ಬಿಸಿಯಾಗುವುದು ಸುಳ್ಳಾ?

ಕಳೆದ ವಾರ ಬೆಳಗ್ಗೆ ಆರೂವರೆಗೆ ನಮ್ಮ ಹಾಲಿನ ಸೊಸೈಟಿಯ ಜಗಲಿಯಲ್ಲಿ ಸಣ್ಣ ಜಗಳವೇ ಆಯಿತು.

"ಭೂಮಿ ಬಿಸಿ ಆಗ್ತಾ ಉಂಟು ಅಂತ ಪೇಪರಿನವರು ದಿನಾ ಬರಿತಾರೆ. ಇಲ್ಲಿ ತಲೆಗೆ ಬೈರಾಸು ಸುತ್ತದೆ ಹೊರಗೆ ಬರ್ಲಿಕ್ಕೆ ಆಗುದಿಲ್ಲ. ಎಲ್ಲಿ ಉಂಟು ಮಾರಾಯ್ರೆ ಬಿಸಿ?" ಎಂದರು ಎಪ್ಪತ್ತು ದಾಟಿದ ಹಿರಿಯರೊಬ್ಬರು.

ಕ್ಯಾನು ಹಿಡಿದು ನಿಂತಿದ್ದ ಕಾಲೇಜು ಹುಡುಗ ಬಿಡಲಿಲ್ಲ. "ಅಜ್ಜ, ನೀವು ಹೇಳುದು ಇವತ್ತಿನ ಚಳಿ. ಅವ್ರು ಹೇಳುದು ಮೂವತ್ತು ವರ್ಷದ ಲೆಕ್ಕ. ಎರಡೂ ಒಂದೇ ಅಲ್ಲ."

"ನಿನ್ನ ಅಪ್ಪ ಹುಟ್ಟುವ ಮೊದ್ಲೇ ನಾನು ಇದೇ ತೋಟದಲ್ಲಿ ಇದ್ದವ. ನಂಗೆ ಲೆಕ್ಕ ಹೇಳ್ಬೇಡ!"

ಎಲ್ಲರೂ ನಕ್ಕೆವು, ಹಾಲು ಅಳೆದು ಮನೆಗೆ ಬಂದೆವು. ಆದರೆ ನನ್ನ ಅಂಗಳದಲ್ಲಿ ಎರಡನೇ ಕೊಯ್ಲಿನ ಅಡಿಕೆ ಬಿದ್ದಿತ್ತು. ಅದನ್ನು ನೋಡಿದಾಗ ಆ ಪ್ರಶ್ನೆ ನಗುವಂಥದ್ದು ಅನ್ನಿಸಲಿಲ್ಲ. ಈ ಚಳಿಯನ್ನು ನಂಬಿ ಅಡಿಕೆ ಹರವಬಹುದಾ, ಇಲ್ಲವಾ?

ಇದು ಪೆರಾಬೆಯ ಜಗಳ ಮಾತ್ರ ಅಲ್ಲ. 2015ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಹೊರಗಿನಿಂದ ಹಿಮದ ಉಂಡೆಯೊಂದನ್ನು ತಂದು ಸೆನೆಟ್ ಸಭೆಯೊಳಗೆ ಎಸೆದರು. ಹೊರಗೆ ಇಷ್ಟು ಚಳಿ ಇರುವಾಗ ಭೂಮಿ ಬಿಸಿಯಾಗುವುದೆಲ್ಲಿ ಎಂಬುದು ಅವರ ವಾದ. ನಮ್ಮ ಅಜ್ಜನ ಬೈರಾಸು, ಅವರ ಹಿಮದ ಉಂಡೆ, ಎರಡೂ ಒಂದೇ ಮಾತು ಹೇಳುತ್ತವೆ.

ತೋಟದ ಚಳಿ ಎಲ್ಲಿಂದ?

ಮೊದಲು ನಮ್ಮ ಚಳಿಯ ಗುಟ್ಟು ನೋಡುವ. ನಮ್ಮಲ್ಲಿ ಹಿಮ ಬೀಳುವುದಿಲ್ಲ. ಬೆಳಗಿನ ಜಾವ 17–18 ಡಿಗ್ರಿಗೆ ಇಳಿದರೆ ಅದೇ ನಮಗೆ ದೊಡ್ಡ ಚಳಿ. ಮಳೆಗಾಲ ಮುಗಿದ ಮೇಲೆ ಮೂಡಣದಿಂದ, ಘಟ್ಟ ಇಳಿದು, ಒಣ ಗಾಳಿ ಬರುತ್ತದೆ. ಆಕಾಶ ತಿಳಿಯಾಗುತ್ತದೆ. ಹಗಲು ನೆಲ ಕುಡಿದ ಬಿಸಿಲಿನ ಕಾವು ರಾತ್ರಿ ತಡೆಯಿಲ್ಲದೆ ಮೇಲಕ್ಕೆ ಹೋಗುತ್ತದೆ. ತಣ್ಣಗಾದ ಗಾಳಿ ಭಾರ. ಅದು ಗುಡ್ಡದಿಂದ ಜಾರಿ ಬಯಲಿಗೆ, ತೋಟಕ್ಕೆ ಇಳಿದು ನಿಲ್ಲುತ್ತದೆ. ಗುಡ್ಡದ ಮೇಲಿನ ಮನೆಗಿಂತ ಕೆಳಗಿನ ತೋಟದಲ್ಲಿ ಚಳಿ ಹೆಚ್ಚು ಎನ್ನುವುದು ಬೆಳಗ್ಗೆ ನೀರು ಬಿಡಲು ಹೋಗುವ ಎಲ್ಲರಿಗೂ ಗೊತ್ತು.

ಅಂದರೆ ನಮ್ಮ ಚಳಿ ತಿಳಿ ಆಕಾಶದ ಚಳಿ. ಮೋಡ ಬಂದ ರಾತ್ರಿ ಕಂಬಳಿ ಹೊದ್ದ ಹಾಗೆ, ಕಾವು ಹೊರಗೆ ಹೋಗುವುದಿಲ್ಲ, ಚಳಿ ಮಾಯ. ಅದೇ ಮೂಡಣ ಗಾಳಿ ಹಗಲಿನಲ್ಲಿ ತಿರುಗಿ ಹೊಡೆಯುತ್ತದೆ. ಅದು ಬಲವಾಗಿದ್ದ ದಿನ ಕಡಲ ಗಾಳಿ ಒಳಗೆ ಬರಲು ತಡ. ಬೆಳಗ್ಗೆ ನಡುಗಿದವನೇ ಮಧ್ಯಾಹ್ನ 35 ಡಿಗ್ರಿ ಬಿಸಿಲಿಗೆ ಬೆವರುತ್ತಾನೆ. ಭೂಮಿಯ ಸರಾಸರಿ ಒಂದೂವರೆ ಡಿಗ್ರಿ ಏರಿದರೂ ಈ ವ್ಯವಸ್ಥೆ ನಿಂತುಹೋಗುವುದಿಲ್ಲ. ಚಳಿಯ ಬೆಳಗು ಇನ್ನೂ ಬರುತ್ತದೆ. ಆದ್ದರಿಂದ ಚಳಿ ಇದೆ ಎಂಬುದು ಭೂಮಿ ಬಿಸಿಯಾಗುತ್ತಿಲ್ಲ ಎಂಬುದಕ್ಕೆ ಸಾಕ್ಷಿ ಅಲ್ಲ.

ಇವತ್ತಿನ ರೇಟು, ಹತ್ತು ವರ್ಷದ ಧಾರಣೆ

ಅಡಿಕೆಯ ಮಾತಿನಲ್ಲೇ ಹೇಳುವುದಾದರೆ, ಇವತ್ತು ಚಾಲಿಗೆ ಕಿಲೋಗೆ ಐದು ರೂಪಾಯಿ ಇಳಿದರೆ "ಹತ್ತು ವರ್ಷದಲ್ಲಿ ಧಾರಣೆ ಏರಲೇ ಇಲ್ಲ" ಎಂದು ಯಾರಾದರೂ ಹೇಳುತ್ತಾರಾ? ದಿನದ ಹವೆ ಇವತ್ತಿನ ರೇಟು. ಹವಾಮಾನ ಎಂದರೆ ವರ್ಷಗಟ್ಟಲೆಯ ಧಾರಣೆ. ಲೋಕದ ಹವಾಮಾನ ಸಂಸ್ಥೆಗಳು 30 ವರ್ಷದ ಸರಾಸರಿಯನ್ನು ಇಟ್ಟುಕೊಂಡೇ ಹೆಚ್ಚು ಕಡಿಮೆ ಹೇಳುವುದು.

ಆ ಲೆಕ್ಕ ಏನು ಹೇಳುತ್ತದೆ? 1901ರಿಂದ 2018ರೊಳಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳಿತು. ಹವಾಮಾನ ಇಲಾಖೆಯ 1901ರಿಂದ ಇರುವ ದಾಖಲೆಯಲ್ಲಿ 2024 ದೇಶದ ಅತಿ ಬಿಸಿಯ ವರ್ಷ. ಚಳಿಗಾಲದ ಲೆಕ್ಕವೇ ಬೇಕೆಂದರೆ, ಇಲಾಖೆ ಚಳಿಗಾಲ ಎಂದು ಕರೆಯುವುದು ಜನವರಿ–ಫೆಬ್ರವರಿಯನ್ನು. ಹಗಲಿನ ಬಿಸಿಯಲ್ಲಿ 2023ರ ಫೆಬ್ರವರಿ, ಹಗಲು ರಾತ್ರಿ ಸೇರಿದ ಸರಾಸರಿಯಲ್ಲಿ 2025ರ ಫೆಬ್ರವರಿ, ಆಯಾ ಹೊತ್ತಿಗೆ ದಾಖಲೆ ಮುರಿದವು. ಆ ವರ್ಷಗಳಲ್ಲೂ ಚಳಿಯ ಬೆಳಗು ಇತ್ತು. ಅದು ಯಾರಿಗೂ ಸುಳ್ಳಲ್ಲ.

ನಮ್ಮ ನೆನಪೂ ಸೋಲುತ್ತದೆ

ಜಗಳವಾದ ಎರಡು ದಿನಕ್ಕೆ ಆ ಹಿರಿಯರ ಮನೆಗೆ ಹೋದೆ. ನಮ್ಮ ಕಡೆಯ ಹಲವು ಕೃಷಿಕರ ಹಾಗೆ ಅವರೂ ಮಳೆ ಲೆಕ್ಕ ಬರೆಯುವವರು. ಹಳೇ ಡೈರಿಗಳನ್ನು ಅಟ್ಟದಿಂದ ಇಳಿಸಿದರು. "ನಾವು ಸಣ್ಣದಿರುವಾಗ ಡಿಸೆಂಬರಿನಲ್ಲಿ ಮಳೆಯೇ ಇರ್ಲಿಲ್ಲ ಅಲ್ವಾ?" ಎಂದು ನಾನು ಕೇಳಿದೆ. ಅವರು ಪುಟ ತಿರುವಿ ಬೆರಳಿಟ್ಟರು. ಹಳೇ ಡಿಸೆಂಬರಿನಲ್ಲೂ ಅಲ್ಲಲ್ಲಿ ಮಳೆ ಬರೆದಿತ್ತು. ನನ್ನ ನೆನಪು ತಪ್ಪು.

ಹಾಗಾಗಿ ಎರಡೂ ಕಡೆಯವರಿಗೆ ಒಂದು ಮಾತು. ಚಳಿ ಬಂದ ಕೂಡಲೇ ಎಲ್ಲ ಸುಳ್ಳು ಎನ್ನುವುದು ಹೇಗೆ ತಪ್ಪೋ, ಒಂದು ಅಕಾಲ ಮಳೆ ಬಂದ ಕೂಡಲೇ ಎಲ್ಲವನ್ನೂ ಜಾಗತಿಕ ತಾಪಮಾನದ ತಲೆಗೆ ಕಟ್ಟುವುದೂ ಹಾಗೇ ತಪ್ಪು. ಬಂಗಾಳ ಕೊಲ್ಲಿಯಲ್ಲಿ ನವೆಂಬರ್–ಡಿಸೆಂಬರ್ ಚಂಡಮಾರುತ ಹೊಸತಲ್ಲ. ಪೆಸಿಫಿಕ್ ಸಾಗರದ ಎಲ್ ನಿನೊ, ಲಾ ನಿನಾ ಕೂಡ ವರ್ಷದಿಂದ ವರ್ಷಕ್ಕೆ ಆಟ ಬದಲಿಸುತ್ತವೆ. ಉತ್ತರ ಧ್ರುವ ಬಿಸಿಯಾಗುವುದರಿಂದಲೇ ಅಮೆರಿಕ, ಯುರೋಪಿಗೆ ಒಮ್ಮೊಮ್ಮೆ ಕಡು ಚಳಿ ಬರುತ್ತದಾ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಒಮ್ಮತ ಇಲ್ಲ.

ಆದರೆ ಒಂದು ವಿಷಯದಲ್ಲಿ ಗೊಂದಲ ಇಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಬರುವ ಮಳೆ ಜೋರಾಗಿ ಬರಲು ಅದು ಸಾಕು. ನಮ್ಮ ಪಕ್ಕದ ಕಡಲೂ ಬಿಸಿಯಾಗಿದೆ. 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಾದವು ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ತೋರಿಸಿದರು.

ಅಂಗಳದ ಅಡಿಕೆ

2021ರ ಜನವರಿ ಮೊದಲ ವಾರ ಕರಾವಳಿಯಲ್ಲಿ ಮಳೆ ಸುರಿಯಿತಲ್ಲ, ಆಗ ನನ್ನ ಅಂಗಳದಲ್ಲಿ ಇಪ್ಪತ್ತು ದಿನ ಒಣಗಿದ ಅಡಿಕೆ ಇತ್ತು. "ಜನವರಿಯಲ್ಲಿ ಎಂತ ಮಳೆ" ಎಂದು ಟರ್ಪಾಲು ಮಡಚಿ ಇಟ್ಟಿದ್ದೆ. ಓಡಿ ಬಂದು ರಾಶಿ ಮಾಡಿ ಮುಚ್ಚಿದೆ. ಒದ್ದೆ ಅಡಿಕೆ ಟರ್ಪಾಲಿನ ಒಳಗೆ ಬೆಂದ ಹಾಗಾಗಿ ಬೂಸ್ಟು ಬಂತು. ಸುಲಿದಾಗ ಒಳ್ಳೆ ಚಾಲಿ ಆಗಬೇಕಿದ್ದ ಎಷ್ಟೋ ಅಡಿಕೆ ಕರಿಗೋಟಿನ ಗೋಣಿಗೆ ಹೋಯಿತು. ವರ್ಷದ ದುಡಿಮೆ ನಾಲ್ಕು ದಿನದಲ್ಲಿ.

2024ರ ನವೆಂಬರ್ 30ಕ್ಕೆ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಉಳಿಕೆ ನಮ್ಮ ಮೇಲಿಂದ ಹಾದುಹೋದಾಗ, ಡಿಸೆಂಬರ್ 3ಕ್ಕೆ ಜಿಲ್ಲೆಯ ಶಾಲೆಗಳಿಗೆ ರಜೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಆ ಸಲ ಮುನ್ಸೂಚನೆ ನೋಡಿ ಕೊಯ್ಲನ್ನೇ ಮುಂದೆ ಹಾಕಿದ್ದೆ. ಹಾಗಾಗಿ ಉಳಿದೆ. ಆ ಮಳೆಗಳು ಭೂಮಿ ಬಿಸಿಯಾದದ್ದರಿಂದಲೇ ಬಂದವಾ ಎಂದು ನಾನು ವಾದಿಸುವುದಿಲ್ಲ. ಚಳಿಗಾಲ ಅಂದರೆ ಬಿಸಿಲು ಗ್ಯಾರಂಟಿ ಎಂದು ಕುಳಿತುಕೊಳ್ಳುವ ಕಾಲ ಮುಗಿದಿದೆ ಎಂಬುದಷ್ಟೇ ನನಗೆ ಬೇಕಾದ ಪಾಠ.

ನಾವು ಏನು ಮಾಡಬಹುದು?

ಮೊದಲನೆಯದು ಲೆಕ್ಕ. ದಿನದ ಗರಿಷ್ಠ, ಕನಿಷ್ಠ ಎರಡೂ ತೋರಿಸುವ ಥರ್ಮಾಮೀಟರ್ ಒಂದನ್ನು ಬಿಸಿಲು ತಾಗದ, ಗಾಳಿ ಆಡುವ ನೆರಳಿನಲ್ಲಿ ನಾಲ್ಕೈದು ಅಡಿ ಎತ್ತರಕ್ಕೆ ನೇತುಹಾಕಿ. ದಿನಾ ಬೆಳಗ್ಗೆ 8.30ಕ್ಕೆ ಅದನ್ನೂ ಮಳೆಯನ್ನೂ ಬರೆಯಿರಿ. ಇಬ್ಬನಿ, ಮೋಡ, ಗೇರು ಹೂ ಬಿಟ್ಟ ದಿನ ಕೂಡ ಒಂದು ಸಾಲಿರಲಿ. ಬೆಳೆ ವಿಮೆಗೆ ನಮ್ಮ ಪುಸ್ತಕ ಸಾಕ್ಷಿ ಆಗುವುದಿಲ್ಲ, ಅಲ್ಲಿ ಅವರ ಹವಾಮಾನ ಕೇಂದ್ರದ ಲೆಕ್ಕವೇ ಲೆಕ್ಕ. ಆದರೆ ಆ ಲೆಕ್ಕದಲ್ಲಿ ಏನೋ ತಪ್ಪಿದೆ ಅನ್ನಿಸಿದಾಗ ಕೇಳಲು ಕೈಯಲ್ಲಿ ಏನಾದರೂ ಬೇಕಲ್ಲ.

ಎರಡನೆಯದು ಅಡಿಕೆ. ಚಾಲಿ ಒಣಗಲು ನಲವತ್ತು, ನಲವತ್ತೈದು ದಿನ ಬೇಕು. ಅಷ್ಟು ದಿನ ಮೋಡವೇ ಬಾರದು ಎಂದು ಎಣಿಸಬೇಡಿ. ಇಡೀ ಕೊಯ್ಲನ್ನು ಒಂದೇ ಸಲ ಅಂಗಳಕ್ಕೆ ಹಾಕದೆ, ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಮನೆಯಲ್ಲಿ ಹಿಡಿಯುವಷ್ಟು ಹಾಕಿ. ಅದು ಇಲ್ಲದವರು ಅಂಗಳದ ಒಂದು ಭಾಗಕ್ಕಾದರೂ ಮಾಡಿಸಿಕೊಳ್ಳಿ. ಸಂಜೆ ಇಬ್ಬನಿಗೆ ಮುಚ್ಚಿ, ಬೆಳಗ್ಗೆ ಬೇಗ ತೆಗೆಯಿರಿ. ಒದ್ದೆಯಾದದ್ದನ್ನು ರಾಶಿ ಮಾಡಿ ಮುಚ್ಚುವುದಕ್ಕಿಂತ ಮಾಡಿನ ಅಡಿ ತೆಳ್ಳಗೆ ಹರವುವುದು ಮೇಲು.

ಮೂರನೆಯದು ತೋಟ. ಬೆಳಗ್ಗೆ ಚಳಿ ಇದೆ ಎಂದು ನೀರು ಮುಂದೂಡಬೇಡಿ. ಮಧ್ಯಾಹ್ನದ ಬಿಸಿಲು, ಒಣ ಗಾಳಿ ನೆಲದ ಪಸೆ ಎಳೆಯುತ್ತವೆ. ಬುಡದ ಮಣ್ಣು ಮುಟ್ಟಿ ನೋಡಿ ತೀರ್ಮಾನಿಸಿ, ಸೊಪ್ಪು ಸೋಗೆ ಹಾಕಿ. ಗೇರಿಗೆ ತಾರೀಕು ನೋಡಿ ಮದ್ದು ಹೊಡೆಯುವ ಬದಲು ಚಿಗುರು, ಹೂವಿನಲ್ಲಿ ಟೀ ಸೊಳ್ಳೆ ಇದೆಯಾ ಎಂದು ನೋಡಿ ಹೊಡೆಯಿರಿ. ಸಂಶಯ ಇದ್ದರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯದವರನ್ನು ಕೇಳಬಹುದು.

ನಾಲ್ಕನೆಯದು ಮುನ್ಸೂಚನೆ. ಹವಾಮಾನ ಇಲಾಖೆಯ ಕೃಷಿ ಸಲಹೆ ಮಂಗಳವಾರ, ಶುಕ್ರವಾರ ಬರುತ್ತದೆ. ಮೊಬೈಲಿನಲ್ಲಿ ಮೇಘದೂತ ಆ್ಯಪ್ ಹಾಕಿದರೆ ಕನ್ನಡದಲ್ಲೇ ಓದಬಹುದು. ಕೊಯ್ಲಿಗೆ ಜನ ಹೇಳುವ ಮೊದಲು ಒಮ್ಮೆ ನೋಡಿ.

ಮೊನ್ನೆ ಆ ಹಿರಿಯರ ಮನೆ ದಾರಿಯಾಗಿ ಬರುವಾಗ ಕೊಟ್ಟಿಗೆಯ ನೆರಳಿನಲ್ಲಿ ಹೊಸ ಥರ್ಮಾಮೀಟರ್ ಕಂಡಿತು. ಪುತ್ತೂರಿನಿಂದ ತಂದುಕೊಟ್ಟವನು ಅದೇ ಕಾಲೇಜು ಹುಡುಗ. "ಚಳಿ ಎಷ್ಟು ಉಂಟು ಅಂತ ಬರ್ದೇ ತೋರಿಸ್ತೇನೆ ಅವ್ನಿಗೆ" ಎಂದರು ಅಜ್ಜ. ಬರೆಯಲಿ. ಹತ್ತು ವರ್ಷ ಬರೆದ ಮೇಲೆ ಆ ಜಗಲಿಯಲ್ಲಿ ಕೂತು ಮಾತಾಡಿದರೆ ಅದು ಬೇರೆಯೇ ಮಾತು. ಅಲ್ಲಿಯವರೆಗೆ ನಿಮ್ಮ ಟರ್ಪಾಲು ಕೈಗೆ ಸಿಗುವಲ್ಲೇ ಇರಲಿ.